ನೂರು ಕಿಲೋ ಇಳಿಸಲು ಹೊರಟವನ ನೋಟ್‌ಬುಕ್

ನನ್ನ ಹತ್ತಿರ ಎಣ್ಣೆ ಕಲೆ ಹತ್ತಿದ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಒಂದೇ ಒಂದು ಸಂಖ್ಯೆ: 1,262. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ, ಒಳಗೆ ಯಾರೂ ಕೂರದೆ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟು ತೂಗಿದಾಗ ನನ್ನ ಕಾರು ಬಂದದ್ದು ಅಷ್ಟು ಕಿಲೋ. ಕಾರು ಪೋರ್ಷೆ ಬಾಕ್ಸ್‌ಸ್ಟರ್. 1996ರಲ್ಲಿ ಬಂತಲ್ಲ, ಆ ಮೊದಲ ತಲೆಮಾರಿನದು. 2.5 ಲೀಟರಿನ ಆರು ಸಿಲಿಂಡರ್ ಎಂಜಿನ್, 204 ಎಚ್‌ಪಿ. ಕಂಪನಿ ಹೇಳುವ ತೂಕ 1,250. ಉಳಿದದ್ದರಲ್ಲಿ ಒಂದಿಷ್ಟು ನಾನೇ ತುಂಬಿಟ್ಟ ಕಸ ಎಂದು ಆಮೇಲೆ ಗೊತ್ತಾಯಿತು.

ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಇಷ್ಟು ದೊಡ್ಡ ಹೆಸರಿನ ಕಂಪನಿ ಸಣ್ಣದೊಂದು, ಹಗುರವಾದ, ಕೈಗೆಟುಕುವ ಕಾರು ಯಾಕೆ ಮಾಡಬಾರದು? ನಾನೂ ವರ್ಷಗಟ್ಟಲೆ ಇದೇ ರಾಗ ಹಾಡಿದವನು. ಒಂದು ದಿನ ಅನ್ನಿಸಿತು, ಅವರು ಮಾಡದಿದ್ದರೆ ಬಿಡಲಿ, ನಾನೇ ಮಾಡಿಕೊಂಡರಾಯಿತು. ಹಳೆಯ ಬಾಕ್ಸ್‌ಸ್ಟರ್ ನನ್ನ ಬಜೆಟ್ಟಿಗೆ ಸಿಗುತ್ತಿತ್ತು. ಅದರಿಂದ ನೂರು ಕಿಲೋ ಇಳಿಸಿದರೆ ಮುಗೀತಲ್ವಾ?

ಶುರುವಿನಲ್ಲಿ ತುಂಬಾ ಸುಲಭ ಅನ್ನಿಸಿತು. ಡಿಕ್ಕಿ, ಗ್ಲೋವ್ ಬಾಕ್ಸ್, ಸೀಟಿನ ಸಂದಿ ಎಲ್ಲ ಖಾಲಿ ಮಾಡಿ, ಮ್ಯಾಟ್ ತೆಗೆದೆ: 4 ಕಿಲೋ. ಸ್ಟೆಪ್ನಿ, ಜಾಕ್, ಟೂಲ್ ಕಿಟ್: 15. ಒಳಗಿನ ಕಾರ್ಪೆಟ್ಟು, ಅದರಡಿಯ ಸದ್ದು ತಡೆಯುವ ಫೋಮ್: 11. ಬಿಚ್ಚಿದ್ದನ್ನೆಲ್ಲ ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತು ಹಾಕಿ ಬರೆದುಕೊಳ್ಳುತ್ತಿದ್ದೆ. ಒಂದೇ ವಾರಾಂತ್ಯದಲ್ಲಿ 30 ಕಿಲೋ, ಒಂದು ಪೈಸೆ ಖರ್ಚಿಲ್ಲದೆ. ತೆನೆ ತೆನೆ ಕೂಡಿದರೆ ಬಳ್ಳ ಎಂದುಕೊಂಡು ಖುಷಿಯಾಗಿ ಮಲಗಿದೆ.

ಪುಕ್ಕಟೆ ಸಿಗುವ ತೂಕ ಅಲ್ಲಿಗೆ ಮುಗಿದಿತ್ತು.

ಬ್ಯಾಟರಿ ಬದಲಿಸಿದೆ. ಹಳೆಯದು ಸೀಸದ್ದು, 18 ಕಿಲೋ. ಹೊಸದು ಲಿಥಿಯಂ, 6 ಕಿಲೋ. ಹನ್ನೆರಡು ಕಿಲೋ ಉಳಿಯಿತು, ನಿಜ. ಆದರೆ ಮೂರು ವಾರ ಕಾರು ನಿಲ್ಲಿಸಿ ಊರಿಗೆ ಹೋಗಿ ಬಂದರೆ ಅಲಾರಂ ಸುಮ್ನೆ ಕರೆಂಟ್ ಹೀರಿ ಬ್ಯಾಟರಿ ಪೂರಾ ಖಾಲಿ. ಈಗ ಕಾರಿನ ಪಕ್ಕದಲ್ಲಿ ಯಾವಾಗಲೂ ಒಂದು ಚಾರ್ಜರ್ ಇರುತ್ತದೆ. ಅದರ ತೂಕವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ!

ಸೀಟುಗಳ ಕತೆ ಇನ್ನೂ ದೊಡ್ಡದು. ಮೂಲ ಸೀಟು ಒಂದೊಂದೂ ಎತ್ತುವಾಗ ಸೊಂಟ ಹಿಡಿಯುವಂಥವು. ಅವನ್ನು ತೆಗೆದು ಫೈಬರ್ ಬಕೆಟ್ ಸೀಟು ಹಾಕಿದೆ. ಎರಡೂ ಸೇರಿ 20 ಕಿಲೋ ಇಳಿಯಿತು. ಬೆಲ್ಟಿನ ಬಕಲ್‌ನಲ್ಲಿ ಒಂದು ಸಣ್ಣ ವೈರು ಇರುತ್ತದೆ. ಬ್ಯಾಟರಿ ಕಳಚದೆ ಅದನ್ನು ಎಳೆದುಬಿಟ್ಟೆ. ಏರ್‌ಬ್ಯಾಗ್ ದೀಪ ಹತ್ತಿಕೊಂಡದ್ದು ಆರಲೇ ಇಲ್ಲ. ತಪ್ಪು ನನ್ನದೇ, ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಸೀಟು ಕೂರಿಸುವ ಬ್ರ್ಯಾಕೆಟ್ ಮಾರಿದ ವ್ಯಾಪಾರಿ ಮಾತ್ರ 'ಸರಿಯಾಗಿ ಕೂರುತ್ತೆ ಸಾರ್' ಎಂದು ಹೇಳಿ ಕೊಟ್ಟದ್ದು ಒಂದು ಬೆರಳು ಆಚೆ ಕೂತಿತ್ತು. ಎರಡು ಸಲ ತೂತು ಕೊರೆಸಿದೆ.

ಆ ಸೀಟು ಕೂರಿಸುತ್ತಿದ್ದಾಗಲೇ 1954ರ ಸ್ಪೀಡ್‌ಸ್ಟರ್ ನೆನಪಾದದ್ದು. ಅಮೆರಿಕಕ್ಕೆ ಪೋರ್ಷೆ ತರಿಸುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಎಂಬ ವ್ಯಾಪಾರಿ, 356 ಕಾರು ಅಲ್ಲಿನ ಜನಕ್ಕೆ ದುಬಾರಿಯಾಯಿತು, ಒಳಗಿನದೆಲ್ಲ ಕಿತ್ತು ಒಂದು ಅಗ್ಗದ್ದು ಕೊಡಿ ಎಂದು ಹಟ ಹಿಡಿದ. ಗಿಡ್ಡ ಗಾಜು, ತೆಳ್ಳನೆಯ ಟಾಪು, ಕಿಟಕಿ ಗಾಜಿನ ಬದಲು ಸಿಕ್ಕಿಸುವ ಪರದೆ, ಸಾದಾ ಬಕೆಟ್ ಸೀಟು. ಬೆಲೆ 3,000 ಡಾಲರ್ ಒಳಗೆ ಬಂತು. ಕಡಿಮೆ ಕೊಟ್ಟರು, ಕಡಿಮೆ ದುಡ್ಡು ತೆಗೆದುಕೊಂಡರು. ಈಗ ಇದೇ ಕಂಪನಿ, ಇದರಂಥ ಉಳಿದವರು ಕೂಡ, ಬಾಗಿಲಿನ ಹಿಡಿ ತೆಗೆದು ಬಟ್ಟೆಯ ಪಟ್ಟಿ ಹಾಕಿದರೆ ಅದಕ್ಕೆ ಜಾಸ್ತಿ ದುಡ್ಡು ಕೇಳುತ್ತಾರೆ. ಹಗುರ ಎನ್ನುವುದು ಯಾವಾಗಲೋ ಐಷಾರಾಮದ ಪಟ್ಟಿಗೆ ಸೇರಿಬಿಟ್ಟಿದೆ.

ಆಮೇಲೆ ಸೈಲೆನ್ಸರ್: 9 ಕಿಲೋ. ಕೊನೆಗೆ ಚಕ್ರ. ಒಂದೊಂದರಲ್ಲಿ 2 ಕಿಲೋ, ನಾಲ್ಕಕ್ಕೆ 8. ಕಿಲೋ ಲೆಕ್ಕದಲ್ಲಿ ಅತಿ ದುಬಾರಿ ಬಿದ್ದದ್ದು ಇವೇ. ಆದರೆ ಮೊದಲ ಕಿಲೋಮೀಟರಿನಲ್ಲೇ ಗೊತ್ತಾದದ್ದೂ ಇವೇ. ಚಕ್ರದ ತೂಕ ಸ್ಪ್ರಿಂಗಿನ ಕೆಳಗಿರುತ್ತದೆ. ಗುಂಡಿಗೆ ಇಳಿದಾಗ ಅದನ್ನು ಮತ್ತೆ ರಸ್ತೆಗೆ ಒತ್ತುವ ಕೆಲಸ ಸ್ಪ್ರಿಂಗಿನದು, ಕುಣಿಯದಂತೆ ಹಿಡಿಯುವ ಕೆಲಸ ಶಾಕ್ ಅಬ್ಸಾರ್ಬರ್‌ದು. ಆ ಕೆಲಸ ಕಡಿಮೆಯಾದರೆ ಕಾರು ನೆಲ ಬಿಡುವುದಿಲ್ಲ, ಸ್ಟೇರಿಂಗ್ ಕೈಯಲ್ಲಿ ಚುರುಕಾಗುತ್ತದೆ. ಬಾಕಿ ಎಲ್ಲದರ ಬಗ್ಗೆ ಅನುಮಾನ ಪಟ್ಟರೂ ಇದೊಂದಕ್ಕೆ ಕೊಟ್ಟ ದುಡ್ಡಿಗೆ ನನಗೆ ಬೇಸರವಿಲ್ಲ.

ಕೂಡಿ ನೋಡಿದೆ. ಒಟ್ಟು 79 ಕಿಲೋ. ಕಾರು ಈಗ 1,183. ನೂರಕ್ಕೆ ಇನ್ನೂ 21 ಬಾಕಿ. ಇಳಿದ 79ರಲ್ಲಿ 30 ಪುಕ್ಕಟೆ ಸಿಕ್ಕಿದ್ದು. ಉಳಿದ 49 ಕಿಲೋಗೆ ಆದ ಖರ್ಚು, ನಾನು ಕಾರಿಗೆ ಕೊಟ್ಟ ದುಡ್ಡಿನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಎ.ಸಿ. ಒಂದನ್ನು ಕಿತ್ತರೆ ಇನ್ನಷ್ಟು ಇಳಿಯುತ್ತಿತ್ತು. ಆದರೆ ಮಳೆಯಲ್ಲಿ ಗಾಜಿನ ಮಂಜು ತೆಗೆಯುವುದು ಅದೇ. ಕೈ ಹಾಕಲಿಲ್ಲ.

ಟ್ರ್ಯಾಕಿಗೆ ಹೋದೆ. ಬ್ರೇಕ್ ಹಿಡಿಯುವ ಜಾಗ ಸ್ವಲ್ಪ ಮುಂದಕ್ಕೆ ಹೋಯಿತು. ತಿರುವಿಗೆ ಕಾರು ಬೇಗ ಮೂತಿ ತಿರುಗಿಸುತ್ತಿತ್ತು. ಸುಳ್ಳು ಹೇಳಲ್ಲ, ಖುಷಿ ಆಯಿತು. ಮಧ್ಯಾಹ್ನ ಗೆಳೆಯನೊಬ್ಬ ತನ್ನ ಕಾರಿನ ಕೀ ಕೊಟ್ಟು 'ಒಂದು ಸುತ್ತು ಹೊಡಿ ಮಾರಾಯ' ಎಂದ. ಅವನದು ಮಾಜ್ದಾ ಎಂಎಕ್ಸ್-5, 1989ರಲ್ಲಿ ಶುರುವಾದ ಮೊದಲ ಮಾದರಿ. 1.6 ಲೀಟರ್ ಎಂಜಿನ್, 115 ಎಚ್‌ಪಿ, 14 ಇಂಚಿನ ಚಕ್ರ, 185 ಮಿ.ಮೀ. ಅಗಲದ ಟೈರ್. ನಾನು ನನ್ನ ಕಾರಿಗೆ ಕೊಟ್ಟದ್ದರ ಅರ್ಧಕ್ಕೆ ಕೊಂಡದ್ದು. ನನ್ನದಕ್ಕಿಂತ ಇನ್ನೂರಕ್ಕೂ ಹೆಚ್ಚು ಕಿಲೋ ಹಗುರ, ಅದೂ ನನ್ನ ಅಷ್ಟೆಲ್ಲ ಸರ್ಕಸ್ ಆದ ಮೇಲೆ. ಅದರಲ್ಲಿ ಸ್ಟೆಪ್ನಿ ಇತ್ತು. ಕಾರ್ಪೆಟ್ ಇತ್ತು. ರೇಡಿಯೋ ಕೂಡ ಇತ್ತು.

ನೇರ ದಾರಿಯಲ್ಲಿ ನನ್ನ ಕಾರು ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ತಿರುವುಗಳಲ್ಲಿ ಮಾತ್ರ ನಾನು ನಗುತ್ತಿದ್ದೆ, ಗೊತ್ತಿಲ್ಲದೆ. ಅಷ್ಟು ತೆಳ್ಳನೆಯ ಟೈರು ಮೆಲ್ಲಗೆ ಜಾರುತ್ತದೆ, ಮೊದಲೇ ಹೇಳಿ ಜಾರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ 1,250 ಕಿಲೋ ಕಾರನ್ನು ನಿಲ್ಲಿಸಬೇಕಾದರೆ ಬ್ರೇಕು ಸುಮಾರು 480 ಕಿಲೋಜೂಲ್ ಶಕ್ತಿಯನ್ನು ಶಾಖ ಮಾಡಿ ಬಿಡಬೇಕು. 950 ಕಿಲೋ ಕಾರಿಗೆ 370ರ ಒಳಗೆ ಸಾಕು. ಹಾಗಾಗಿ ಚಿಕ್ಕ ಡಿಸ್ಕ್ ಸಾಕು. ಚಿಕ್ಕ ಡಿಸ್ಕಿಗೆ ಚಿಕ್ಕ ಚಕ್ರ ಸಾಕು. ಚಿಕ್ಕ ಚಕ್ರಕ್ಕೆ ಸಣ್ಣ ಟೈರು, ಸಣ್ಣ ಸ್ಪ್ರಿಂಗು, ಸಣ್ಣ ಬೋಲ್ಟು. ಒಂದರ ಬೆನ್ನಿಗೆ ಒಂದು ಇಳಿಯುತ್ತಾ ಹೋಗುತ್ತದೆ. ಟೈರ್ ಬಿಲ್ ಕೂಡ!

ಅವತ್ತು ರಾತ್ರಿ ಬಾಕ್ಸ್‌ಸ್ಟರ್ ಕೆಳಗೆ ತೂರಿ ಟಾರ್ಚ್ ಹಿಡಿದು ನೋಡಿದೆ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಕಾರಿನ ಉದ್ದಕ್ಕೂ ಪೈಪು, ಪೈಪಿನ ತುಂಬ ನೀರು. ಈ ತೂಕವನ್ನು ನಾನು ಯಾವ ಸ್ಪ್ಯಾನರ್ ಹಿಡಿದರೂ ಬಿಚ್ಚಲಾರೆ. ಅದು ಕಾಗದದ ಮೇಲೆ ಮೊದಲ ಗೆರೆ ಎಳೆದಾಗಲೇ ಸೇರಿದ ತೂಕ. ನಾನು 79 ಕಿಲೋ ತೆಗೆದುಹಾಕಿದೆ. ಗೆಳೆಯನ ಕಾರಿನಲ್ಲಿ ಆ ತೂಕ ಯಾವತ್ತೂ ಇರಲೇ ಇಲ್ಲ. ಅದಕ್ಕೇ ಅದು ಅಗ್ಗ.

ಇಲ್ಲಿಂದ ನನ್ನ ರಾಗ ಬದಲಾಯಿತು. ದೊಡ್ಡ ಕಂಪನಿ ಹಗುರ ಕಾರು ಮಾಡಲಿ ಎನ್ನುವಾಗ ನಮ್ಮ ತಲೆಯಲ್ಲಿ ಇರುವುದು ಅದರ ಈಗಿನ ಕಾರನ್ನೇ ಸೋಸಿ ಕೊಡುವುದು. ಹಾಗೆ ಮಾಡಿದರೆ ಅದು ಹಗುರ ಆಗಬಹುದು, ಅಗ್ಗ ಆಗುವುದಿಲ್ಲ. ಲೋಹ ಬದಲಿಸಿ ಹಗುರ ಮಾಡಬಹುದು. ಆಲ್ಪೀನ್ ಎ110 ಅಲ್ಯೂಮಿನಿಯಂ ಮೈಯಲ್ಲಿ ಸುಮಾರು 1,100 ಕಿಲೋಗೆ ಬಂದಿದೆ, ಬೆಲೆಯೂ ಅದಕ್ಕೆ ತಕ್ಕಂತೆ. ಚಿಕ್ಕದು ಮಾಡಿ ಹಗುರ ಮಾಡಿದರೆ ಮಾತ್ರ ಬೆಲೆಯೂ ಜೊತೆಗೆ ಇಳಿಯುತ್ತದೆ. ಈಗಿನ ಎಂಎಕ್ಸ್-5 ಹೆಚ್ಚಾಗಿ ಉಕ್ಕಿನದೇ. ಏರ್‌ಬ್ಯಾಗು, ಜಾರದಂತೆ ನೋಡುವ ಎಲೆಕ್ಟ್ರಾನಿಕ್ಸ್ ಎಲ್ಲ ಇಟ್ಟುಕೊಂಡು ಸಾವಿರ ಕಿಲೋ ಆಸುಪಾಸಿನಲ್ಲಿದೆ. ಕಾನೂನು ಬಿಡಲ್ಲ, ಸುರಕ್ಷತೆಯ ತೂಕ ಜಾಸ್ತಿ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುವುದು ಇದೇ ಕಾರಣಕ್ಕೆ.

ಹಾಗಾದರೆ ಎಂಜಿನ್? ಅಲ್ಲೇ ದೊಡ್ಡವರ ಮೂಗು ಅಡ್ಡ ಬರುತ್ತದೆ. ಚಿಕ್ಕ ಅಗ್ಗದ ಕಾರಿಗೆ ಸ್ವಂತ ಎಂಜಿನ್ ಮಾಡಿ ಲಾಭ ತೆಗೆಯಲು ಆಗುವುದಿಲ್ಲ, ಎರವಲು ತರಲೇಬೇಕು. 1996ರ ಲೋಟಸ್ ಎಲೀಸ್ ರೋವರ್ ಎಂಬ ಮಾಮೂಲಿ ಕಾರು ಕಂಪನಿಯ ಎಂಜಿನ್ ಇಟ್ಟುಕೊಂಡೇ ಸುಮಾರು 725 ಕಿಲೋಗೆ ಬಂತು. ಯಾರೂ ಅದನ್ನು ರೋವರ್ ಎಂದು ಹೀಗಳೆಯಲಿಲ್ಲ. ಪೋರ್ಷೆ ಇದೇ ದಾರಿ ಹಿಡಿದಾಗ ಮಾತ್ರ ಜನ ಕೊಂಕು ತೆಗೆದರು. 1969ರ 914 ಎಂಬ ಕಾರು ಫೋಕ್ಸ್‌ವ್ಯಾಗನ್ ಜೊತೆ ಸೇರಿ ಮಾಡಿದ್ದು. 1.7 ಲೀಟರಿನ 80 ಎಚ್‌ಪಿ ಎಂಜಿನ್, ಮಧ್ಯದಲ್ಲಿ ಕೂರಿಸಿದ್ದು. ಆಮೇಲೆ 1976ರ 924, ಆಡಿ ಎಂಜಿನ್, 1,080 ಕಿಲೋ. ಎರಡನ್ನೂ 'ನಿಜವಾದ ಪೋರ್ಷೆ ಅಲ್ಲ' ಎಂದು ಮೂಗು ಮುರಿದರು. ಆದರೂ ಎರಡೂ ಲಕ್ಷ ದಾಟಿ ಮಾರಾಟವಾದವು. ಮೂಗು ಮುರಿದವರೇ ಬೇರೆ, ಕೊಂಡವರೇ ಬೇರೆ ಇರಬೇಕು.

914ರ ಕತೆಯಲ್ಲೇ ಇನ್ನೊಂದು ಪಾಠ ಇದೆ. ಚಿಕ್ಕ ಎಂಜಿನ್ ಸಾಲದು ಎಂದು ಅದಕ್ಕೆ ಪೋರ್ಷೆಯ ಹೆಸರಾಂತ ದೊಡ್ಡ ಕಾರು 911ರ ಆರು ಸಿಲಿಂಡರ್ ಎಂಜಿನ್ ತುರುಕಿ 914/6 ಮಾಡಿದರು. ಬೆಲೆ ಹೋಗಿ 911 ಹತ್ತಿರ ಮುಟ್ಟಿತು. ಅಷ್ಟು ಕೊಡುವವನು 911 ಯಾಕೆ ಬಿಡುತ್ತಾನೆ? ಮಾರಾಟವಾದದ್ದು 3,300 ಚಿಲ್ಲರೆ ಕಾರು ಅಷ್ಟೇ. ನಾನು ನನ್ನ ಬಾಕ್ಸ್‌ಸ್ಟರಿಗೆ ಮಾಡಿದ್ದೂ ಸುಮಾರು ಇದೇ. ಕೊಂಡದ್ದೂ ಸುರಿದದ್ದೂ ಸೇರಿಸಿದರೆ ಇನ್ನೂ ಹೊಸದೊಂದು ಬಾಕ್ಸ್‌ಸ್ಟರ್ ಬರುತ್ತಿತ್ತು.

ನನಗೆ ತುಂಬಾ ದಿನ ಕಾಡಿದ್ದು ಮಾತ್ರ 911ರದೇ ಒಂದು ಮಾದರಿ, 1973ರ ಕರೇರಾ ಆರ್‌ಎಸ್ ಲೆಕ್ಕ. ಎಲ್ಲರೂ ಹಗುರ ಕಾರು ಎಂದರೆ ಇದನ್ನೇ ತೋರಿಸುತ್ತಾರೆ. ಅದನ್ನು ಎರಡು ಬಗೆಯಲ್ಲಿ ಕೊಳ್ಳಬಹುದಿತ್ತು. ಎಲ್ಲ ಕಿತ್ತ ಸ್ಪೋರ್ಟ್, 960 ಕಿಲೋ. ಕಾರ್ಪೆಟ್ಟು, ಒಳ್ಳೆ ಸೀಟು ಎಲ್ಲ ಇರುವ ಟೂರಿಂಗ್, 1,075 ಕಿಲೋ. ಬೆಲೆ ಜಾಸ್ತಿ ಇದ್ದದ್ದು ಟೂರಿಂಗ್‌ಗೆ. ಹಗುರದ್ದು ಕೊಂಡವರು 200 ಜನ. ಜಾಸ್ತಿ ದುಡ್ಡು ಕೊಟ್ಟು ಭಾರದ್ದನ್ನು ಕೊಂಡವರು 1,308 ಜನ! ಹಗುರ ಬೇಕು ಎಂದು ಬಾಯಲ್ಲಿ ಹೇಳುತ್ತೇವೆ, ಷೋರೂಮಿನಲ್ಲಿ ಪೆನ್ನು ಹಿಡಿದಾಗ ಒಂದೊಂದೇ ಟಿಕ್ ಹಾಕುತ್ತಾ ಹೋಗುತ್ತೇವೆ. ಕಂಪನಿಯ ಲೆಕ್ಕದವರು ಈ ಪಟ್ಟಿ ನೋಡಿ ನಮ್ಮನ್ನು ನಂಬದಿದ್ದರೆ ತಪ್ಪು ಅವರದಲ್ಲ.

ಆದರೂ ಮಾಡಬೇಕು ಎಂದೇ ನಾನು ಹೇಳುತ್ತೇನೆ. ನಾಲ್ಕು ಸಿಲಿಂಡರ್, ಪೋರ್ಷೆ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಬೇರೆ ಕಂಪನಿಯ ಎಂಜಿನ್, 195 ಅಗಲದ ಟೈರು, ಕೈಯಿಂದ ಮಡಚುವ ಟಾಪು. 150 ಎಚ್‌ಪಿ ಇದ್ದರೆ ಸಾಕು. ಆಯ್ಕೆಗಳ ಪಟ್ಟಿ ಒಂದು ಪುಟ ದಾಟಬಾರದು, ದಾಟಿದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಮುಖ್ಯವಾಗಿ, ದೊಡ್ಡ ಅಣ್ಣನಿಗಿಂತ ನೇರ ದಾರಿಯಲ್ಲಿ ನಿಧಾನ ಇರಲು ಅದಕ್ಕೆ ನಾಚಿಕೆ ಇರಬಾರದು. ಬಾಕ್ಸ್‌ಸ್ಟರ್ ಹುಟ್ಟಿದ್ದೇ ಕಂಪನಿ ಕಷ್ಟದಲ್ಲಿದ್ದಾಗ, 911 ಜೊತೆ ಬಾಗಿಲು, ದೀಪ, ಮೂತಿ ಎಲ್ಲ ಹಂಚಿಕೊಂಡು. ಹಂಚಿಕೊಂಡು ಬದುಕುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 2009ರಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ ಬ್ಲೂಸ್ಪೋರ್ಟ್ ಎಂಬ ಮಧ್ಯ ಎಂಜಿನಿನ ಸಣ್ಣ ಕಾರು ಇಟ್ಟಿತ್ತು. ಅದು ರಸ್ತೆಗೆ ಬರಲೇ ಇಲ್ಲ. ಆ ಫೋಟೋ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನೋಟ್‌ಬುಕ್ ವಿಷಯಕ್ಕೆ ಬರುತ್ತೇನೆ. ಬಾಕ್ಸ್‌ಸ್ಟರಿನಲ್ಲಿ ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆಯೇ. ಅಲ್ಲಿನ ಫೋಮ್ ಕಿತ್ತ ಮೇಲೆ ಮೊದಮೊದಲು ಸಂಗೀತ ಎನ್ನಿಸಿದ ಸದ್ದು ಎರಡು ಗಂಟೆ ಓಡಿಸಿದರೆ ತಲೆನೋವು ಎನ್ನಿಸತೊಡಗಿತು. ಬೆನ್ನಿಗೆ ಬಿಸಿ ಬೇರೆ. ಕಳೆದ ತಿಂಗಳು ಗೆಳೆಯನನ್ನು ಕೂರಿಸಿಕೊಂಡು ದೂರ ಹೋಗಿದ್ದೆ, ದಾರಿಯುದ್ದಕ್ಕೂ ಇಬ್ಬರೂ ಕಿರುಚಿಕೊಂಡೇ ಮಾತಾಡಿದೆವು. ಮರುದಿನ ಮೂಲೆಯಲ್ಲಿದ್ದ ಆ ಫೋಮು, ಅದರ ಮೇಲಿನ ಕಾರ್ಪೆಟ್ಟು ಎರಡನ್ನೂ ಹುಡುಕಿ ತೆಗೆದು ದೂಳು ಕೊಡವಿ ವಾಪಸ್ ಹಾಕಿದೆ. ಹಾಕುವ ಮೊದಲು ಕೊಕ್ಕೆ ತಕ್ಕಡಿಗೆ ನೇತು ಹಾಕಿ ತೂಗಿದೆ. ಕೊನೆಯ ಪುಟದಲ್ಲಿ ಬರೆದಿದ್ದೇನೆ: +6. ಈಗ 1,189. ಸ್ಟೆಪ್ನಿ ಮಾತ್ರ ಇನ್ನೂ ಮೂಲೆಯಲ್ಲೇ ಇದೆ.