ಬ್ಯಾಕಪ್ ಬೇಗ ತುಂಬಬೇಕೇ? ಚೆಕ್‌ಪಾಯಿಂಟ್ ನೋಡಿ, ಎಫ್‌ಸಿಂಕ್ ಮುಟ್ಟಬೇಡಿ

ರಾಯಚೂರಿನ ಗಂಜ್‌ನಲ್ಲಿ ಹತ್ತಿಯ ಆವಕ ಜೋರಾಗಿರುವಾಗಲೇ ಅಡತಿ ಅಂಗಡಿಯ ಸರ್ವರ್ ಕೈಕೊಡುತ್ತದೆ. ಬ್ಯಾಕಪ್ ಇರುತ್ತದೆ, ಆದರೆ ಹೊಸ ಯಂತ್ರಕ್ಕೆ ತುಂಬಲು ರಾತ್ರಿಯೆಲ್ಲ ಸಾಲುವುದಿಲ್ಲ. ಬೆಳಿಗ್ಗೆ ಮಾಲು ತೂಗಿಸಿದ ರೈತ ಪಟ್ಟಿಗಾಗಿ ಕಾಯುತ್ತ ನಿಂತಿರುತ್ತಾನೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರು ಈ ಕಾಯುವಿಕೆಯನ್ನು ಬಹಳಷ್ಟು ತಗ್ಗಿಸಬಹುದು.

ಮೊದಲನೆಯದು, ಬ್ಯಾಕಪ್ಪಿನ ಮಾದರಿ. ಸಾದಾ ಎಸ್‌ಕ್ಯೂಎಲ್ ಕಡತ ಬೇಡವೇ ಬೇಡ. ಕಸ್ಟಮ್ ಅಥವಾ ಡೈರೆಕ್ಟರಿ ಮಾದರಿಯಿದ್ದರೆ ಮಾತ್ರ ಬ್ಯಾಕಪ್ ಮರಳಿ ತುಂಬುವ ಪಿಜಿ_ರಿಸ್ಟೋರ್ ಹಲವು ಕೋಷ್ಟಕಗಳನ್ನು ಏಕಕಾಲಕ್ಕೆ ತುಂಬುತ್ತದೆ. ಕಡತವನ್ನು ಪೆನ್‌ಡ್ರೈವ್‌ನಿಂದ ನೇರವಾಗಿ ಓದಿಸದೆ ಒಳಗಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿಗಳು ಮೊದಲು ಓಡಿ ಆಮೇಲೆ ತೆವಳುತ್ತವೆ. ಅವನ್ನು ಕೊಳ್ಳಬೇಡಿ.

ಎರಡನೆಯದು, 'ಮೇಂಟೆನೆನ್ಸ್_ವರ್ಕ್_ಮೆಮ್', ಅಂದರೆ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಕಟ್ಟುವಂಥ ಕೆಲಸಗಳಿಗೆ ಕೊಡುವ ಮೆಮೊರಿಯ ಮಿತಿ. ಮೂಲದಲ್ಲಿ ಇದು 64 ಎಂಬಿ. 16 ಜಿಬಿ ರ‍್ಯಾಮ್ ಇದ್ದರೆ 1 ಜಿಬಿ ಮಾಡಿ, ಇಂಡೆಕ್ಸ್ ಕಟ್ಟುವ ಕೆಲಸ ಚುರುಕಾಗುತ್ತದೆ. ನಾಲ್ಕು ಕೆಲಸ ಒಟ್ಟಿಗೆ ನಡೆದರೆ ನಾಲ್ಕೂ ಅಷ್ಟಷ್ಟು ಕೇಳಬಹುದು, ಲೆಕ್ಕ ಹಾಕಿಕೊಳ್ಳಿ.

ಜನ ಎಡವುವುದು ಮೂರನೆಯದರಲ್ಲಿ. ಅಂಗಡಿಯ ಗುಮಾಸ್ತರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲವೇ? ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಅದರ ಕಿರ್ದಿಗೆ ವಾಲ್ ಎಂದು ಹೆಸರು, ಖಾತೆಗೆ ಏರಿಸುವ ಹೊತ್ತಿಗೆ ಚೆಕ್‌ಪಾಯಿಂಟ್. ಆ ಕಿರ್ದಿ ಎಷ್ಟು ಬೆಳೆಯಬಹುದೆಂದು ಹೇಳುವ 'ಮ್ಯಾಕ್ಸ್_ವಾಲ್_ಸೈಜ್' ಮೂಲದಲ್ಲಿ ಬರೀ 1 ಜಿಬಿ. ದೊಡ್ಡ ದತ್ತಾಂಶ ಸುರಿಯುವಾಗ ಅದು ಬೇಗ ತುಂಬಿ, ಮತ್ತೆ ಮತ್ತೆ ಖಾತೆಗೆ ಏರಿಸುವ ಕೆಲಸ ಬೀಳುತ್ತದೆ. ಸಾಲದೆಂಬಂತೆ, ಪ್ರತಿ ಚೆಕ್‌ಪಾಯಿಂಟ್ ಆದಮೇಲೆ ಮೊದಲ ಸಲ ಮುಟ್ಟಿದ ಪುಟವನ್ನು ಇಡಿಯಾಗಿ ವಾಲ್‌ಗೆ ನಕಲಿಸಬೇಕು. ಹಾಗಾಗಿ ಕಿರ್ದಿ ಇನ್ನಷ್ಟು ಊದುತ್ತದೆ. ಚೆಕ್‌ಪಾಯಿಂಟ್ ತೀರಾ ಪದೇ ಪದೇ ಆಗುತ್ತಿದೆ ಎಂದು ಲಾಗ್ ಕಡತವೇ ಎಚ್ಚರಿಸುತ್ತದೆ, ಅದನ್ನು ತೆರೆದು ನೋಡುವವರೇ ಕಡಿಮೆ. ಡಿಸ್ಕಿನಲ್ಲಿ ಜಾಗವಿದ್ದರೆ 'ಮ್ಯಾಕ್ಸ್_ವಾಲ್_ಸೈಜ್' ಅನ್ನು 16 ಜಿಬಿ ಮಾಡಿ, ಚೆಕ್‌ಪಾಯಿಂಟ್‌ಗಳ ನಡುವಿನ ಗರಿಷ್ಠ ಅವಧಿಯಾದ 'ಚೆಕ್‌ಪಾಯಿಂಟ್_ಟೈಮ್‌ಔಟ್' ಅನ್ನು 5 ನಿಮಿಷದಿಂದ 30ಕ್ಕೆ ಏರಿಸಿ. ರೀಲೋಡ್ ಸಾಕು, ಸರ್ವರ್ ನಿಲ್ಲಿಸಬೇಕಿಲ್ಲ.

ಇದನ್ನು ಬಿಟ್ಟು ಹಲವರು ಎಫ್‌ಸಿಂಕ್ ಆಫ್ ಮಾಡುತ್ತಾರೆ. ಬರೆದದ್ದು ಡಿಸ್ಕಿಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಸೆಟ್ಟಿಂಗ್ ಅದು. ಹೊಸ ಕ್ಲಸ್ಟರ್‌ಗೆ (ಒಂದು ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪಿಗೆ) ಮೊದಲ ಸಲ ತುಂಬುವಾಗ ಆಫ್ ಮಾಡಬಹುದೆಂದು ಕೈಪಿಡಿಯೇ ಹೇಳುತ್ತದೆ, ನಿಜ. ಆದರೆ ಮರಳಿ ಆನ್ ಮಾಡುವುದು ಮರೆತುಹೋಗುತ್ತದೆ. ಅಕ್ಕಿ ಗಿರಣಿಯೊಂದರಲ್ಲಿ ಹೀಗೇ ಬಿಟ್ಟಿದ್ದರು. ತಿಂಗಳುಗಳ ನಂತರ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಸತ್ತಿತ್ತು, ಡೇಟಾಬೇಸ್ ಮತ್ತೆ ಏಳಲಿಲ್ಲ. ಮೂರು ದಿನದ ತೂಕದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ನಾವು ಮತ್ತೆ ಟೈಪ್ ಮಾಡಿದೆವು.

ಇನ್ನು ಪಿಜಿ_ರಿಸ್ಟೋರ್ ಅನ್ನು ಏಕಕಾಲದ ನಾಲ್ಕು ಕೆಲಸಗಳೊಂದಿಗೆ ಓಡಿಸಿ. ದತ್ತಾಂಶವೆಲ್ಲ ಒಂದೇ ಕೋಷ್ಟಕದಲ್ಲಿದ್ದರೆ ಹದಿನಾರು ಕೊಟ್ಟರೂ ಅದನ್ನು ತುಂಬುವುದು ಒಂದೇ ಕೈ.

ಮುಗಿದ ಮೇಲೆ, ಕೋಷ್ಟಕಗಳ ಅಂಕಿಅಂಶ ಸಂಗ್ರಹಿಸುವ ಅನಲೈಜ್ ಆದೇಶ ಓಡಿಸಿ, ಇಲ್ಲದಿದ್ದರೆ ಮೊದಲ ವರದಿಯೇ ತೆವಳುತ್ತದೆ. ಬದಲಿಸಿದ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿ. 'ಶೋ ಎಫ್‌ಸಿಂಕ್' ಎಂದು ಕೇಳಿ, 'ಆನ್' ಎಂಬ ಉತ್ತರ ಕಂಡ ಮೇಲೆಯೇ ಅಂಗಡಿಯವರಿಗೆ ಫೋನ್ ಮಾಡಿ.