ಸಾಫ್ಟ್‌ವೇರ್ ಕಂಪನಿಯ ಕಿರ್ದಿ

ನಮ್ಮದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸಣ್ಣ ಕಂಪನಿ. ಬಿಲ್ಲು, ಸ್ಟಾಕು, ಬಾಕಿ ಎಲ್ಲ ಮೊಬೈಲಿನಲ್ಲೇ. ವರ್ಷದ ಚಂದಾ ಮೊದಲೇ ಕಟ್ಟಬೇಕು. ಇದರ ಹಣಕಾಸನ್ನು ನಾನು ನಡೆಸುವುದು ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪ ಹೇಳಿಕೊಟ್ಟ ಹಾಗೆ.

"ಗಲ್ಲಾದಾಗ ಇರೋದೆಲ್ಲ ನಮ್ದಲ್ಲ" ಅಂತ ಅಪ್ಪ ಹೇಳುತ್ತಿದ್ದರು. ಅದರಲ್ಲಿ ಸೂರತ್ತಿನ ಮಾಲಿಗೆ ಕೊಡಬೇಕಾದ ಹಣ ಇರುತ್ತಿತ್ತು, ಮದುವೆ ಜವಳಿಗೆಂದು ಯಾರೋ ಕೊಟ್ಟ ಮುಂಗಡ ಇರುತ್ತಿತ್ತು. ಚಂದಾ ವ್ಯವಹಾರಕ್ಕೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ವರ್ಷಕ್ಕೆ 12,000 ರೂಪಾಯಿ ಚಂದಾ ಎಂದುಕೊಳ್ಳಿ. ಶೇ 18ರ ಜಿಎಸ್‌ಟಿ ಸೇರಿ 14,160 ಬರುತ್ತದೆ. 2,160 ತೆರಿಗೆ, ನಾವು ಖರೀದಿಯಲ್ಲಿ ಕಟ್ಟಿದ್ದನ್ನು ಕಳೆದು ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಹೋಗಬೇಕು. ಮಿಕ್ಕ ಹನ್ನೆರಡು ಸಾವಿರದಲ್ಲಿ ಈ ತಿಂಗಳು ನಾವು ದುಡಿದದ್ದು ಒಂದು ಸಾವಿರ. ಹನ್ನೊಂದು ಸಾವಿರ ಇನ್ನೂ ಗಿರಾಕಿಯದೇ, ಸೇವೆ ಕೊಟ್ಟು ತೀರಿಸಬೇಕಾದ ಋಣ.

ಅದಕ್ಕೇ ನಾವು ಬ್ಯಾಂಕಿನಲ್ಲಿ ಮುಂಗಡಕ್ಕೊಂದು, ತೆರಿಗೆಗೊಂದು, ಖರ್ಚಿಗೊಂದು ಖಾತೆ ಇಟ್ಟಿದ್ದೇವೆ. ಪ್ರತಿ ತಿಂಗಳು ಒಬ್ಬೊಬ್ಬ ಗಿರಾಕಿಯ ಲೆಕ್ಕದಲ್ಲೂ ಹನ್ನೆರಡನೇ ಒಂದು ಪಾಲು ಮುಂಗಡದಿಂದ ಖರ್ಚಿನ ಖಾತೆಗೆ ಬರುತ್ತದೆ. ಸಂಬಳ, ಸರ್ವರ್ ಬಾಡಿಗೆ, ಎಸ್ಸೆಮ್ಮೆಸ್ ಖರ್ಚು ಎಲ್ಲ ಅದರಲ್ಲೇ ನಡೆಯಬೇಕು. ಒಬ್ಬ ಹೂಡಿಕೆದಾರರು ಮುಂಗಡದ ಹಣವನ್ನೆಲ್ಲ ಜಾಹೀರಾತಿಗೆ ಸುರಿಯಿರಿ, ಬೆಳವಣಿಗೆ ದುಪ್ಪಟ್ಟಾಗುತ್ತದೆ ಅಂದರು. ನಾನು ಒಪ್ಪಲಿಲ್ಲ. ವರ್ಷದ ನಡುವೆ ಅಂಗಡಿ ಮುಚ್ಚಬೇಕಾಗಿ ಬಂದ ಕಿರಾಣಿ ವ್ಯಾಪಾರಿಯೊಬ್ಬರಿಗೆ ಉಳಿದ ತಿಂಗಳುಗಳ ಹಣವನ್ನು ಅಂದೇ ವಾಪಸ್ ಕಳಿಸಲು ಆದದ್ದು ಆ ಖಾತೆ ತುಂಬಿದ್ದರಿಂದ. ಆಮೇಲೆ ಅವರು ತಮ್ಮ ಬೀಗರ ಅಂಗಡಿಗೆ ನಮ್ಮದನ್ನೇ ಹಾಕಿಸಿದರು.

ದಿನದ ಕಿರ್ದಿ, ಅಂದರೆ ಜಮಾಖರ್ಚಿನ ಲೆಕ್ಕ, ದಿನವೇ ಮುಗಿಯಬೇಕು ಅನ್ನುವ ಅಪ್ಪನ ಮಾತನ್ನೂ ಬಿಟ್ಟಿಲ್ಲ. ಒಂದು ಶೀಟು: ಆರಂಭದ ಶಿಲ್ಕು (ಕೈಯಲ್ಲಿರುವ ಹಣ), ಜಮಾ, ಖರ್ಚು, ಅಖೈರು ಶಿಲ್ಕು (ದಿನದ ಕೊನೆಗೆ ಉಳಿದದ್ದು). ಗಿರಾಕಿಗಳು ಆನ್‌ಲೈನಿನಲ್ಲಿ ಕಟ್ಟಿದ್ದನ್ನು ನಮಗೆ ತಲುಪಿಸುವ ಪಾವತಿ ಗೇಟ್‌ವೇಯಿಂದ ಹಣ ಬರುವುದು ಒಂದೆರಡು ದಿನ ತಡವಾಗಿ, ಅದೂ ತಮ್ಮ ಶುಲ್ಕ ಮುರಿದುಕೊಂಡು. ಹಾಗಾಗಿ ತಾಳೆ ನೋಡದಿದ್ದರೆ ಶಿಲ್ಕು ಕೂಡುವುದೇ ಇಲ್ಲ. ಡ್ಯಾಶ್‌ಬೋರ್ಡ್ ಎಷ್ಟು ಜನ ಸೇರಿದರು ಅಂತ ತೋರಿಸುತ್ತದೆ. ಎಷ್ಟು ಉಳಿಯಿತು ಅಂತ ನನಗೆ ಹೇಳುವುದು ಈ ಶೀಟು.

ಉದ್ರಿ ವಿಷಯಕ್ಕೆ ಬಂದರೆ, ಕೊಟ್ಟ ದಿನವೇ ವಸೂಲಿ ದಿನವನ್ನೂ ಬರೆಯುವುದು ಅಪ್ಪನ ಪದ್ಧತಿ. ಹತ್ತಾರು ಶಾಖೆಗಳಿರುವ ದೊಡ್ಡ ಗಿರಾಕಿಗಳು ನಮ್ಮಲ್ಲೂ ಉದ್ರಿ ಕೇಳುತ್ತಾರೆ. ಒಪ್ಪಂದದಲ್ಲಿ 30 ದಿನ ಎಂದು ಬರೆಸಿ, ಬಿಲ್ಲಿನ ಮೇಲೆ ನಮ್ಮ ಉದ್ಯಮ್ ನೋಂದಣಿ ಸಂಖ್ಯೆ, ಅಂದರೆ ನಮ್ಮದು ಸಣ್ಣ ಉದ್ದಿಮೆ ಎಂದು ತೋರಿಸುವ ಸರ್ಕಾರಿ ಸಂಖ್ಯೆ, ಮುದ್ರಿಸುತ್ತೇವೆ. ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಹಣ ಕೊಡಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನವೇ ಗಡುವು. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 43ಬಿ(ಎಚ್) ಕಲಮು ಇದಕ್ಕೆ ಇನ್ನಷ್ಟು ಬಿಗಿ ತಂದಿತು: ಗಡುವು ದಾಟಿಸಿ ಬಾಕಿ ಉಳಿಸಿಕೊಂಡವರಿಗೆ, ಹಣ ಕೊಡುವ ವರ್ಷದವರೆಗೂ ಆ ಖರ್ಚನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕಲು ಬರುವುದಿಲ್ಲ. ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟ್ಸ್ ವಿಭಾಗದವರೇ ಫೋನ್ ಮಾಡುತ್ತಾರೆ.

ಅಪ್ಪನ ಒಂದು ಪದ್ಧತಿ ಮಾತ್ರ ನಾನು ತೆಗೆದುಕೊಂಡಿಲ್ಲ: ಮುಖ ನೋಡಿ ಬೆಲೆ ಹೇಳುವುದು. ಜವಳಿ ಅಂಗಡಿಯಲ್ಲಿ ಚೌಕಾಸಿ ಇಬ್ಬರಿಗೂ ಗೊತ್ತಿರುವ ಆಟ, ಅಲ್ಲಿ ಯಾರಿಗೂ ಮೋಸವಿರಲಿಲ್ಲ. ಆದರೆ ನಮ್ಮ ದರ ವೆಬ್‌ಸೈಟಿನಲ್ಲಿದೆ, ಎದುರುಬದುರಿನ ಅಂಗಡಿಯವರು ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ಒಬ್ಬರಿಗೆ ಗುಟ್ಟಾಗಿ ಇಳಿಸಿದರೆ ಇನ್ನೊಬ್ಬರು ಸಂಜೆಯೊಳಗೆ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ರಿಯಾಯಿತಿ ಕೊಡುವುದಾದರೆ ನವೀಕರಿಸುವ ಹಳೇ ಗಿರಾಕಿಗಳಿಗೆ, ಅದನ್ನೂ ದರಪಟ್ಟಿಯಲ್ಲೇ ಬರೆದಿದ್ದೇವೆ.