ಟೀಚರ್ ಕೋರ್ಸಿಗೆ ಸಾಲ ಮಾಡುವ ಮುಂಚೆ ಈ ಲೆಕ್ಕ ಹಾಕಿ

ಟೀಚರ್ ಆಗಬೇಕು ಅಂತ ಕೋರ್ಸ್ ಹುಡುಕುವಾಗ ನಾವು ಫೀಸ್ ಮಾತ್ರ ನೋಡುತ್ತೇವೆ. ಆದರೆ ಸಾಲ ತೀರುವುದು ಮೊದಲ ಕೆಲವು ವರ್ಷಗಳ ಸಂಬಳದಿಂದ ಅಲ್ವಾ? ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಕಾಲೇಜು ಹೇಳುವ ಸರಾಸರಿ ಸಂಬಳವನ್ನು ಸುಮ್ನೆ ನಂಬಬೇಡಿ. ಒಬ್ಬಿಬ್ಬರ ದೊಡ್ಡ ಸಂಬಳ ಸಾಕು, ಸರಾಸರಿ ಮೇಲೇರಿಬಿಡುತ್ತದೆ. ಕೆಲಸ ಸಿಗದವರನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರಾ ಅಂತ ಕೇಳಿ. ಅದಕ್ಕಿಂತ ಒಳ್ಳೆಯದು, ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಹಳೇ ವಿದ್ಯಾರ್ಥಿಗಳನ್ನು ಮಾತಾಡಿಸುವುದು. ಕಡಿತವೆಲ್ಲ ಹೋಗಿ ಕೈಗೆ ಎಷ್ಟು ಬರುತ್ತದೆ? ರಜೆಯ ತಿಂಗಳಲ್ಲೂ ಬರುತ್ತದಾ? ಕೆಲಸ ಕಾಯಂ ಆಗಲು ಎಷ್ಟು ದಿನ ಹಿಡಿಯಿತು? ಈ ಮೂರನ್ನು ಸಂಕೋಚ ಬಿಟ್ಟು ಕೇಳಿ.

ಇನ್ನು ಸಾಲ. ವರ್ಷಕ್ಕೆ 10% ಬಡ್ಡಿಗೆ 100 ತೆಗೆದುಕೊಂಡು 10 ವರ್ಷ ತಿಂಗಳ ಕಂತು ಕಟ್ಟಿದರೆ ಒಟ್ಟು ಸುಮಾರು 159 ಕಟ್ಟಿರುತ್ತೀರಿ. ಕಂತು ಚಿಕ್ಕದಾಗಲಿ ಅಂತ 15 ವರ್ಷಕ್ಕೆ ಎಳೆದರೆ ಅದು 193 ಆಗುತ್ತದೆ. ಓದುವಾಗಲೂ ಬಡ್ಡಿ ಬೆಳೆಯುವ ಸಾಲವಾದರೆ, 2 ವರ್ಷ ಕಳೆದು ಮೊದಲ ಕಂತು ಕಟ್ಟುವ ಹೊತ್ತಿಗೇ 100 ಇದ್ದದ್ದು 120ರ ಹತ್ತಿರ ಬಂದಿರುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ನನ್ನ ಪ್ರಕಾರ ಕಂತು ಕೈಗೆ ಬರುವ ಸಂಬಳದ ಹತ್ತರಲ್ಲಿ ಒಂದು ಪಾಲು ದಾಟಬಾರದು. ಟೀಚರ್ ಸಂಬಳ ನಿಧಾನವಾಗಿ ಏರುವಂಥದ್ದು. ಎರಡು ಕಾಲೇಜುಗಳು ಅದೇ ಅರ್ಹತೆ ಕೊಡುತ್ತವೆ ಅಂದರೆ, ಬರೀ ಹೆಸರಿಗಾಗಿ ಜಾಸ್ತಿ ಸಾಲ ಮಾಡಬೇಡಿ. ಸಹಿ ಹಾಕುವ ಮುಂಚೆ ಪೂರ್ತಿ ಕಂತಿನ ಪಟ್ಟಿಯನ್ನು ಕೇಳಿ ಪಡೆದು, ಮನೆಯಲ್ಲಿ ಕೂತು ಓದಿ.